ಅಕ್ಕನ ಸಲುವಾಗಿ ಕೇಳದ ನೀರು

ಹುನಗುಂದ ದಾಟಿದ ಮೇಲೆ ರಸ್ತೆಗೆ ಹತ್ತಿಕೊಂಡೇ ಒಂದು ಉಳ್ಳಾಗಡ್ಡಿ ಹೊಲವಿದೆ. ಆ ದಿನ ಅಲ್ಲಿಯ ಬೋರಿನ ಪೈಪಿನಿಂದ ನೀರು ಬೀಳುತ್ತಿದ್ದದ್ದು ನನಗೆ ಕಂಡಿತ್ತು. ನನ್ನ ಗಾಡಿಯ ಟಾಕಿಯಲ್ಲಿ ನೀರು ತಳ ಮುಟ್ಟಿದ್ದೂ ಗೊತ್ತಿತ್ತು. ಹಿಂದೆ ಕಿಟಕಿಯ ಪಕ್ಕ ನನ್ನ ಅಕ್ಕ ಕೂತಿದ್ದಳು. ಗಾಡಿ ನಿಲ್ಲಿಸಿ ನೀರು ತುಂಬಿಸಿಕೊಳ್ಳಬೇಕಿತ್ತು. ನಾನು ನಿಲ್ಲಿಸಲಿಲ್ಲ. ಬರೆದಾಗ ಇದು ಬಹಳ ಸಣ್ಣದಾಗಿ ಕಾಣುತ್ತದೆ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಡ್ರೈವರ್ ಕೆಲಸ ಬಿಟ್ಟು ಬೇರೆ ಬರುವುದಿಲ್ಲ. ಬಾಗಲಕೋಟೆಯ ನಮ್ಮ ಮಾಲೀಕರು ಹಳೆಯ ಟೆಂಪೊ ಒಂದನ್ನು ಬಿಚ್ಚಿಸಿ, ಒಳಗೆ ಎರಡು ಹಾಸಿಗೆ, ಗ್ಯಾಸಿನ ಒಲೆ, ಕೈ ತೊಳೆಯುವ ಸಿಂಕು, ಮೂಲೆಯಲ್ಲಿ ಕಮೋಡ್ ಇರುವ ಪಾಯಖಾನೆ, ಎಲ್ಲ ಮಾಡಿಸಿದ್ದಾರೆ. ಬಾದಾಮಿ, ಪಟ್ಟದಕಲ್ಲು ನೋಡಲು ಬರುವವರು ಇದನ್ನು ಬಾಡಿಗೆಗೆ ಹಿಡಿಯುತ್ತಾರೆ, ಎಲ್ಲಿ ಮನಸ್ಸು ಬಂತೋ ಅಲ್ಲಿ ಮಲಗುತ್ತಾರೆ. ನೀರಿನ ಟಾಕಿ ಹಾಸಿಗೆಯ ಕೆಳಗಿದೆ. ಒಂದು ಕುಟುಂಬ ಮೈ ತೊಳೆದು ಪಾತ್ರೆ ತೊಳೆದರೆ ಅದು ಒಂದು ದಿನಕ್ಕೆ ಸಾಕಾಗುವುದೇ ಕಷ್ಟ. ಆಮೇಲೆ ನೀರು ಹುಡುಕುವುದು ನನ್ನ ಕೆಲಸ.

ಅದನ್ನು ನಾನು ಚೆನ್ನಾಗಿಯೇ ಮಾಡುತ್ತಿದ್ದೆ ಎಂದು ಹೇಳಬೇಕು. ಟಾಕಿ ಅರ್ಧವಾದಾಗಲೇ ಹುಡುಕಲು ಶುರು ಮಾಡುತ್ತಿದ್ದೆ. ನಮ್ಮ ಕಡೆ ಹೊಲದವರ ಹತ್ತಿರ ಹೋಗಿ ನೇರವಾಗಿ ನೀರು ಕೇಳಿದರೆ ಆಗುವುದಿಲ್ಲ. ಮೊದಲು ಕರೆಂಟ್ ಇದೆಯೇ ಎಂದು ಕೇಳಬೇಕು. ಮೋಟರ್ ನಡೆಯುವ ಕರೆಂಟ್ ದಿನಕ್ಕೆ ಕೆಲವೇ ತಾಸು ಇರುತ್ತದೆ. ಆ ಹೊತ್ತಿನಲ್ಲಿ ಬೆಳೆಗೆ ಬಿಟ್ಟ ನೀರನ್ನು ನಮಗಾಗಿ ತಿರುಗಿಸುವುದೆಂದರೆ ಸಣ್ಣ ಮಾತಲ್ಲ. ಅವರೇ ಪೈಪು ಎತ್ತಿ ಕೊಡುವತನಕ ನಾನು ಪೈಪು ಮುಟ್ಟುತ್ತಿರಲಿಲ್ಲ. ಮೊದಲು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ, ಸವಳೋ ಸಿಹಿಯೋ ನೋಡುತ್ತಿದ್ದೆ. ಟಾಕಿಯ ಬಾಯಿಗೆ ಹಳೆಯ ಧೋತರದ ಅರಿವೆಯನ್ನು ನಾಲ್ಕು ಪದರು ಮಾಡಿ ಕಟ್ಟಿ, ಸೋಸಿಯೇ ತುಂಬಿಸುತ್ತಿದ್ದೆ. ನಮ್ಮ ಮನೆಯಲ್ಲಿ ಸೋಸದ ನೀರನ್ನು ಕೊಡಕ್ಕೆ ಹಾಕಿದವರಿಲ್ಲ. ತುಂಬಿದ ಮೇಲೆ ಒಂದು ಹಣಗಿ ಬಾಳೆಹಣ್ಣು ಕೊಟ್ಟು ಬರುತ್ತಿದ್ದೆ. ಗುರುತಿಲ್ಲದ ಮಂದಿಯ ಸ್ನಾನಕ್ಕಾಗಿ ಎಷ್ಟೋ ಹೊಲದವರ ಮುಂದೆ ಹೀಗೆ ನಿಂತಿದ್ದೇನೆ. ನಾಚಿಕೆ ಎನಿಸಿಲ್ಲ.

ಆ ಉಳ್ಳಾಗಡ್ಡಿ ಹೊಲದ ಯಜಮಾನರು ನನಗೆ ಹೀಗೇ ಪರಿಚಯವಾದವರು. ನನ್ನ ಗಾಡಿ ದೂರದಿಂದ ಕಂಡರೆ ಕೈ ಮಾಡುತ್ತಿದ್ದರು.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಸಣ್ಣಂದಿನಲ್ಲೇ ಪೋಲಿಯೊ ಆಗಿ ಎರಡೂ ಕಾಲಿನಲ್ಲಿ ಬಲವಿಲ್ಲ. ಇಳಕಲ್ಲಿನ ನಮ್ಮ ಮನೆಯಲ್ಲೇ ಇದ್ದಾಳೆ. ಕೈಯಿಂದ ತಿರುಗಿಸುವ ಮಷಿನ್ನಿನ ಮೇಲೆ ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಾಳೆ. ಮಾತಿನಲ್ಲಿ ನನಗಿಂತ ಗಟ್ಟಿ. ಹೊರಗೆ ಹೋಗುವುದೆಂದರೆ ಮಾತ್ರ ಅವಳಿಗೆ ಒಂದೇ ಚಿಂತೆ, ಪಾಯಖಾನೆ. ಕುಕ್ಕರಗಾಲಿನಲ್ಲಿ ಕೂರಲು ಅವಳಿಗೆ ಬರುವುದಿಲ್ಲ. ಮದುವೆಗೆ ಹೋಗಬೇಕಾದರೆ ಹಿಂದಿನ ರಾತ್ರಿಯಿಂದಲೇ ಊಟ, ನೀರು ಬಿಡುತ್ತಿದ್ದಳು. ಹೀಗಾಗಿ ಬಾದಾಮಿ ಇಷ್ಟು ಹತ್ತಿರವಿದ್ದರೂ ನೋಡಿರಲಿಲ್ಲ.

ಗಾಡಿಯೊಳಗಿನ ಕಮೋಡಿನ ವಿಷಯವನ್ನು ನಾನೇ ಅವಳಿಗೆ ಹೇಳಿದೆ. ಅವಳು ಮಷಿನ್ ನಿಲ್ಲಿಸಿ, ಅದಕ್ಕೆ ನೀರು ಎಲ್ಲಿಂದ ಬರುತ್ತದೆ, ಬಾಗಿಲಿಗೆ ಚಿಲಕ ಇದೆಯೇ ಎಂದೆಲ್ಲ ವಿಚಾರಿಸಿದಳು. ಬಾಡಿಗೆ ಇಲ್ಲದ ಎರಡು ದಿನ ಮಾಲೀಕರು ಗಾಡಿ ಕೊಟ್ಟರು. ಬನಶಂಕರಿಯಲ್ಲಿ ರೊಟ್ಟಿ ಊಟ, ಸಂಜೆ ಬಾದಾಮಿಗೆ ಬಂದು ಹೊಂಡದ ದಂಡೆಯಲ್ಲಿ ಮುಕ್ಕಾಮು, ಮುಂಜಾನೆಯ ಬಿಸಿಲಿನಲ್ಲಿ ಗುಡ್ಡ ನೋಡಿ ವಾಪಸ್ಸು, ಇದು ಅಕ್ಕನೇ ಹಾಕಿದ ಲೆಕ್ಕ. ಹೊರಡುವ ದಿನ ಬೆಳಿಗ್ಗೆ ಎರಡು ಕಪ್ಪು ಚಹಾ ಕುಡಿದಳು, ಉಪ್ಪಿಟ್ಟು ತಿಂದಳು. ಪ್ರವಾಸದ ದಿನ ಅವಳು ಉಂಡು ಹೊರಟದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅವತ್ತು ಇಳಕಲ್ಲಿನಲ್ಲಿ ನಮ್ಮ ಓಣಿಗೆ ನಳ ಬಿಡುವ ದಿನವಾಗಿರಲಿಲ್ಲ. ದಾರಿಯಲ್ಲಿ ಆ ಹೊಲದಲ್ಲಿ ತುಂಬಿಸಿದರಾಯಿತು ಎಂದುಕೊಂಡು ಹೊರಟೆ. ಹೊಲ ಬಂತು. ಯಜಮಾನರು ಪೈಪಿನ ಹತ್ತಿರ ನಿಂತು ಕೈ ಮಾಡಿದರು. ಆದರೆ ಬೇವಿನ ಗಿಡದ ಕೆಳಗೆ ಬೇರೆ ನಾಲ್ಕೈದು ಮಂದಿ ಕೂತಿದ್ದರು. ನಿಲ್ಲಿಸಿದರೆ ಅವರೆಲ್ಲ ಎದ್ದು ಗಾಡಿ ನೋಡಲು ಬರುವುದು ಖಾತ್ರಿ. ಒಳಗೆ ಇಣುಕುತ್ತಾರೆ. ಇವರು ಯಾರು, ಕಾಲಿಗೆ ಏನಾಯಿತು, ಹುಟ್ಟಿನಿಂದಲೂ ಹೀಗೆಯೇ ಎಂದು ಕೇಳುತ್ತಾರೆ. ಚಿಕ್ಕಂದಿನಿಂದ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟು ನನಗೆ ಸಾಕಾಗಿತ್ತು. ಸಾಲಿಗೆ ಹೋಗುವಾಗ ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿ ನೂಕಿಕೊಂಡು ಹೋಗಬೇಕಾಗಿದ್ದವನು ನಾನೇ. ಗೆಳೆಯರು ನೋಡುತ್ತಾರೆಂದು ಎಷ್ಟೋ ಸಲ ಅವಳು ತಯಾರಾಗುವ ಮೊದಲೇ ಓಡಿಹೋಗುತ್ತಿದ್ದೆ.

ಬನಶಂಕರಿಯಲ್ಲಿ ಎಲ್ಲಾದರೂ ತುಂಬಿಸಿದರಾಯಿತು ಎಂದುಕೊಂಡು ಹಾರ್ನ್ ಹೊಡೆದು ಮುಂದೆ ಹೋದೆ. ಅವಳಿಗೆ ಮುಜುಗರ ಆಗಬಾರದೆಂದು ಹೀಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೈ ಮಾಡಿದವರು ಯಾರು ಎಂದು ಅಕ್ಕ ಹಿಂದಿನಿಂದ ಕೇಳಿದಳು. ಗೊತ್ತಿಲ್ಲ ಎಂದೆ.

ಬನಶಂಕರಿಯಲ್ಲಿ ಗಿಡದ ನೆರಳಿಗೆ ಗಾಡಿ ನಿಲ್ಲಿಸಿದೆವು. ಚೊಳಚಗುಡ್ಡದ ಒಬ್ಬ ಹೆಂಗಸು ರೊಟ್ಟಿಯ ಬುಟ್ಟಿ ಹೊತ್ತು ಬಂದಳು. ಗಾಡಿಯೊಳಗೆ ಒಮ್ಮೆ ಕಣ್ಣಾಡಿಸಿ, ಮನೆಯನ್ನೇ ಹೊತ್ತುಕೊಂಡು ಬಂದಿದ್ದೀರಿ, ನಿಮಗೆ ಮನೆಪಟ್ಟಿ ತೆರಿಗೆ ಯಾವ ಊರಿನವರು ಹಾಕುತ್ತಾರೆ ಎಂದು ನಕ್ಕಳು. ಅಕ್ಕ ಜೋಳದ ರೊಟ್ಟಿ, ಕೆಂಪು ಖಾರ, ಗಡ್ಡೆ ಮೊಸರು ಎರಡೆರಡು ಸಲ ಹಾಕಿಸಿಕೊಂಡಳು. ಮೇಲೆ ಒಂದು ತಂಬಿಗೆ ನೀರು ಕುಡಿದಳು.

ಸ್ವಲ್ಪ ಹೊತ್ತಿಗೆ ಅವಳನ್ನು ಎತ್ತಿ ಪಾಯಖಾನೆಯಲ್ಲಿ ಕೂರಿಸಿ ನಾನು ಹೊರಗೆ ಬಂದೆ. ಒಳಗೆ ಟಾಕಿಯ ನೀರೆತ್ತುವ ಮೋಟರ್ ಗರಗರ ಸದ್ದು ಮಾಡಿತು. ನೀರಿಲ್ಲದ ಮೋಟರಿನ ಸದ್ದು ಅದು. ಅಕ್ಕ ಮೆಲ್ಲಗೆ ನನ್ನನ್ನು ಕರೆದು, ನೀರು ಬರುತ್ತಿಲ್ಲ ಎಂದಳು.

ಕ್ಯಾನ್ ಹಿಡಿದು ನಡೆದೆ. ಹತ್ತಿರದ ನಳದಲ್ಲಿ ನೀರಿರಲಿಲ್ಲ. ಒಂದು ಹೋಟೆಲಿನ ಮುಂದೆ ನಿಂತೆ. ಒಳಗೆ ತುಂಬಿದ ಡ್ರಮ್ಮು ಕಾಣುತ್ತಿತ್ತು. ಏನು ಬೇಕು ಎಂದು ಅವರು ಕೇಳಿದರು. ನೀರು ಬೇಕೆಂದರೆ ಯಾತಕ್ಕೆ ಎಂದು ಹೇಳಬೇಕಾಗುತ್ತದೆ. ಒಂದು ಚಹಾ ಎಂದೆ. ಖಾಲಿ ಕ್ಯಾನ್ ಕಾಲ ಹತ್ತಿರ ಇಟ್ಟುಕೊಂಡು ಚಹಾ ಕುಡಿದು ತಿರುಗಿ ಬಂದೆ.

ಗಾಡಿ ಹತ್ತಿರವಾದಾಗ ಅಕ್ಕನ ದನಿ ಕೇಳಿತು. ಪಾಯಖಾನೆಯ ಸಣ್ಣ ಕಿಂಡಿಯಿಂದ ರೊಟ್ಟಿ ಮಾರುವವಳನ್ನು ಕರೆದು ಮಾತಾಡುತ್ತಿದ್ದಳು.

"ಯವ್ವಾ, ಒಂದು ಕೊಡ ನೀರು ತಂದ ಕೊಡ್ತೀಯೇನು? ನಾ ಸಂಡಾಸಿಗೆ ಕುಂತೇನಿ, ನೀರು ಮುಗದಾವು. ನನಗ ಎದ್ದು ಬರಾಕ ಕಾಲಾಗ ಶಕ್ತಿ ಇಲ್ಲ."

ಆ ಹೆಂಗಸು ಬುಟ್ಟಿಯನ್ನು ಅಲ್ಲೇ ಇಳಿಸಿ ಹೋದಳು, ಕೊಡ ಹೊತ್ತು ತಂದಳು. ನನ್ನ ಕೈಗೆ ಕೊಡದೆ ತಾನೇ ಒಳಗೆ ಹೋದಳು. ಅಕ್ಕನನ್ನು ತಾನೇ ಹಿಡಿದು ತಂದು ಹಾಸಿಗೆಯ ಮೇಲೆ ಕೂರಿಸಿದಳು. ಇನ್ನೊಂದು ಕೊಡ ತಂದು ಟಾಕಿಗೆ ಹಾಕಲು ನನಗೆ ಕೊಟ್ಟಳು. ನಾನು ಅರಿವೆ ಕಟ್ಟಿ ಸೋಸಿ ಹಾಕಿದೆ.

ಬಾದಾಮಿಗೆ ಹೋಗೋಣವೇ ಎಂದು ಕೇಳಿದಾಗ ಅಕ್ಕ, ಮನೆಗೆ ನಡಿ, ಹೊಲಿಗೆ ಬಹಳ ಉಳಿದಿದೆ ಎಂದಳು. ಬಾದಾಮಿಯ ಕೆಂಪು ಗುಡ್ಡಗಳನ್ನು ಕಿಟಕಿಯಿಂದಲೇ ನೋಡಿದಳು. ಇಳಕಲ್ ಮುಟ್ಟುವತನಕ ಕುಡಿಯುವ ನೀರಿನ ಬಾಟಲಿಯ ಮುಚ್ಚಳ ತೆಗೆಯಲಿಲ್ಲ. ಮುಂದೆ ಮಾಲೀಕರು ಮತ್ತೊಮ್ಮೆ ಗಾಡಿ ಕೊಡುತ್ತೇನೆಂದಾಗಲೂ ಅವಳು ಬರಲಿಲ್ಲ. ನೆಂಟರ ಮದುವೆಗೆ ಹೋಗುವಾಗ ಮೊದಲಿನಂತೆ ಉಪವಾಸವಿದ್ದು ಹೋದಳು.

ಆರೇಳು ತಿಂಗಳಾದ ಮೇಲೆ, ಪ್ರವಾಸಿಗರ ಒಂದು ಕುಟುಂಬವನ್ನು ಕರೆದುಕೊಂಡು ಅದೇ ಉಳ್ಳಾಗಡ್ಡಿ ಹೊಲಕ್ಕೆ ಹೋದೆ. ಕರೆಂಟ್ ಇದೆಯೇ ಎಂದು ಕೇಳಿದೆ. ಯಜಮಾನರು ಪೈಪು ಕೊಟ್ಟರು. ಟಾಕಿ ತುಂಬುವಾಗ, ಹೋದ ಸಲ ಕೈ ಮಾಡಿದರೂ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದರು.

"ಖಾಲಿ ಗಾಡಿ ಇತ್ರಿ ಯಜಮಾನರ. ನೀರು ಬೇಕಾಗಿರಲಿಲ್ಲ," ಎಂದೆ.

"ಖಾಲಿ ಎಲ್ಲಿತ್ತೋ ಮಾರಾಯಾ. ಕಿಡಕ್ಯಾಗ ಒಬ್ಬ ಹೆಣ್ಮಗಳು ಕುಂತಿದ್ಲು. ನಾ ಕೈ ಮಾಡಿದ್ರ ಆಕಿನೂ ನಕ್ಕೋತ ಕೈ ಮಾಡಿದ್ಲಲ್ಲ."

ಟಾಕಿ ತುಂಬಿ ನೀರು ನನ್ನ ಕಾಲ ಮೇಲೆ ಚೆಲ್ಲುತ್ತಿತ್ತು. ಯಜಮಾನರೇ ಪೈಪನ್ನು ಬೆಳೆಗೆ ತಿರುಗಿಸಿದರು.

ಆ ಬಾಡಿಗೆ ಮುಗಿಸಿ ಮನೆಗೆ ಬಂದಾಗ ಅಕ್ಕ ಮಷಿನ್ನಿನ ಮುಂದೆ ಕೂತಿದ್ದಳು. ಎದುರಿಗೆ ನೆಲದ ಮೇಲೆ ಕುಳಿತೆ. ಬನಶಂಕರಿಯಲ್ಲಿ ನೀರು ಮುಗಿದ ವಿಷಯ ತೆಗೆದೆ. ಅವಳು ಚಕ್ರ ತಿರುಗಿಸುತ್ತಲೇ, ನೀರು ಮುಗಿಯುವುದು ಸಹಜ, ಅದನ್ನು ಇನ್ನೂ ಎಷ್ಟು ದಿನ ಹಚ್ಚಿಕೊಂಡು ಕೂರುತ್ತಿ ಎಂದಳು. ನಾನು ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದೆ.

"ನೀರು ಮುಗದದ್ದಕ್ಕ ಅಲ್ಲಕ್ಕಾ. ಆ ಹೊಲದಾಗ ಅವರು ಕೈ ಮಾಡಿ ಕರದ್ರು. ಮಂದಿ ನಿನ್ನ ನೋಡ್ತಾರಂತ ನನಗ ನಾಚಿಕಿ ಬಂದು ನಿಲ್ಲಸಲಿಲ್ಲ. ಮೊನ್ನೆ ಅವರು ಕೇಳಿದಾಗ, ಗಾಡ್ಯಾಗ ಯಾರೂ ಇರಲಿಲ್ಲ ಅಂದ್ನಿ. ನೀ ಕುಂತಿದ್ದಿ, ಯಾರೂ ಇರಲಿಲ್ಲ ಅಂದ್ನಿ. ತಪ್ಪಾತಕ್ಕಾ. ನನ್ನಿಂದ ತಪ್ಪಾತು."