ಕುದಿಸಬಾರದ ಸೊಪ್ಪು

ಕಳೆದ ಶನಿವಾರ ಎಲಿಕಾಟ್ ಸಿಟಿಯ ಕರಕುಶಲ ಮೇಳದಲ್ಲಿ ಒಣಸೊಪ್ಪಿನ ಹಾರವೊಂದನ್ನು ಮೂಸಿ ನೋಡಿ ಕಿರುಚಿಬಿಟ್ಟೆ. ಬಾಗಿಲಿಗೆ ತೂಗುಹಾಕುವ ದುಂಡನೆಯ ಹಾರ. ಕರ್ಪೂರಕ್ಕೆ ಹುಲ್ಲು ಬೆರೆತಂಥ ವಾಸನೆ. "ಅಮ್ಮಾ, ಪೀಪಲ್ ಆರ್ ಲುಕಿಂಗ್!" ಎಂದು ಮಗಳು ತೋಳು ಹಿಡಿದೆಳೆದಳು. ನೋಡಲಿ ಬಿಡಿ. ಈ ಸೊಪ್ಪಿನಿಂದ ಒಮ್ಮೆ ನನ್ನ ನೌಕರಿ ಹೋಗುವುದರಲ್ಲಿತ್ತು, ಇದರಿಂದಲೇ ಉಳಿಯಿತು ಕೂಡ.

ಆಗ ತೊಂಬತ್ತರ ದಶಕ. ಮೈಸೂರಿನ ಎಂ.ಎಸ್ಸಿ. ಹೊತ್ತುಕೊಂಡು ಜರ್ಮನ್‌ಟೌನಿನ ಸಣ್ಣ ಪ್ರಯೋಗಾಲಯವೊಂದಕ್ಕೆ ಸೇರಿದ್ದೆ. ವೀಸಾ ನನ್ನದು. ಗಂಡ ಡಿಪೆಂಡೆಂಟ್, ಅಂದರೆ ಅಪಾರ್ಟ್‌ಮೆಂಟಿನಲ್ಲಿ ಸಾರು ಮಾಡಿಟ್ಟು ನನ್ನ ಬಸ್ಸಿನ ದಾರಿ ಕಾಯುವವನು. ನಾಡಮದ್ದುಗಳ ಸತ್ವ ತೆಗೆದು ಮಲೇರಿಯಾ ರೋಗಾಣುಗಳ ಮೇಲೆ ಹಾಕಿ ನೋಡುವುದು ನನ್ನ ಕೆಲಸ. ಪ್ರತಿ ಸಲವೂ ಹೊಸ ಗಿಡಗಳ ಜೊತೆಗೆ ಚಿಂಗ್‌ಹಾವ್ ಎಂಬ ಈ ಚೀನೀ ಸೊಪ್ಪನ್ನೂ ಇಡಬೇಕಿತ್ತು. ಇದು ಮಲೇರಿಯಾ ಕೊಲ್ಲುತ್ತದೆಂದು ಮೊದಲೇ ಸಾಬೀತಾಗಿತ್ತು. ಇದೇ ಕೊಲ್ಲದಿದ್ದರೆ ಉಳಿದ ಫಲಿತಾಂಶಗಳನ್ನು ಯಾರು ನಂಬುತ್ತಾರೆ?

ನನ್ನ ಕೈಯಲ್ಲಿ ಅದು ಕೊಲ್ಲಲಿಲ್ಲ, ಎರಡು ಸಲವೂ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಾಣುಗಳು ರಕ್ತಕಣಗಳೊಳಗೆ ಮದುವೆಮನೆಯ ಬೀಗರ ಹಾಗೆ ಆರಾಮವಾಗಿ ಕುಳಿತಿದ್ದವು. ಬಾಸ್ "ಒನ್ ಮೋರ್ ಟ್ರೈ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು.

"ಇನ್ನೊಂದ್ಸಲ ಫೇಲ್ ಆದ್ರೆ?" ಗಂಡ ಕೇಳಿದ.

"ಜಾಬ್ ಹೋಗತ್ತೆ. ಜಾಬ್ ಹೋದ್ರೆ ವೀಸಾನೂ ಹೋಗತ್ತೆ. ಪ್ಯಾಕ್ ಮಾಡ್ಕೋ."

"ಈಗಷ್ಟೇ ಬೇಳೆ ಬೇಯಕ್ಕಿಟ್ಟಿದೀನಿ ಕಣೇ."

ಅಳು ಬರುವಾಗಲೂ ನಗಿಸುವ ಪ್ರಾಣಿ ಅದು.

ಮರುದಿನ ಲಂಚ್ ರೂಮಿನಲ್ಲಿ ಟೀ ಮಾಡುತ್ತಿದ್ದೆ. ಪುಡಿ, ಹಾಲು, ಶುಂಠಿ ಎಲ್ಲ ಒಟ್ಟಿಗೆ, ಮೂರು ಉಕ್ಕು ಬರುವ ತನಕ. ಪಕ್ಕದ ಬೆಂಚಿನ ಮಿಸೆಸ್ ಲಿನ್ ಚೀನಾದವರು. ಲೋಟಕ್ಕೆ ನಾಲ್ಕು ಎಲೆ ಹಾಕಿ ಬಿಸಿನೀರು ಸುರಿದು ಅದನ್ನೇ ಟೀ ಎನ್ನುವವರು. ನನ್ನ ಪಾತ್ರೆಯನ್ನೇ ನೋಡುತ್ತ ನಿಂತರು.

"ಡು ಯು ಬಾಯ್ಲ್ ಎವ್ರಿಥಿಂಗ್?" ಎಂದರು. ಆಮೇಲೆ ದನಿ ತಗ್ಗಿಸಿ, "ಚಿಂಗ್‌ಹಾವ್ ಟೂ?"

ನಾನು ಹೆಮ್ಮೆಯಿಂದಲೇ ವಿವರಿಸಿದೆ. ಸೊಪ್ಪನ್ನು ಆಲ್ಕೋಹಾಲಿನಲ್ಲಿ ನೆನೆಸಿ, ಸೋಸಿ, 'ಕಾನ್ಸಂಟ್ರೇಟ್' ಮಾಡಿ ಎಂದಷ್ಟೇ ಸೂಚನೆ ಇತ್ತು. ಅದನ್ನು ನನಗೆ ಯಾರು ಹೇಳಿಕೊಡಬೇಕು? ಕಷಾಯವೆಂದರೆ ನಾಲ್ಕು ಲೋಟ ಒಂದು ಲೋಟಕ್ಕೆ ಇಳಿಯಬೇಕು. ಅಜ್ಜಿಯ ಒಲೆಯ ಮುಂದೆ ಕಲಿತ ವಿದ್ಯೆ. ಫ್ಲಾಸ್ಕನ್ನು ಕುದಿನೀರಿನಲ್ಲಿಟ್ಟು ಗಂಟೆಗಟ್ಟಲೆ ಬತ್ತಿಸಿದ್ದೆ.

ಮಿಸೆಸ್ ಲಿನ್ ಪೇಪರ್ ನ್ಯಾಪ್ಕಿನ್ ಎಳೆದುಕೊಂಡು ಮದ್ದಿನ ಅಣುವಿನ ಚಿತ್ರ ಬರೆದರು. ಅದರಲ್ಲಿ ಎರಡು ಆಮ್ಲಜನಕಗಳು ಕೈಕೈ ಹಿಡಿದು ನಿಂತಿದ್ದವು. ಮದ್ದಿನ ಶಕ್ತಿಯೆಲ್ಲ ಆ ಹಿಡಿತದಲ್ಲೇ! ರೋಗಾಣು ನಮ್ಮ ರಕ್ತ ತಿಂದಾಗ ಅದರ ಹೊಟ್ಟೆಯಲ್ಲಿ ಕಬ್ಬಿಣ ಬಿಡುಗಡೆಯಾಗುತ್ತದೆ. ಕಬ್ಬಿಣ ತಗುಲಿದೊಡನೆ ಹಿಡಿತ ಮುರಿದು, ಆ ಚೂರುಗಳೇ ರೋಗಾಣುವನ್ನು ಕೊಲ್ಲುತ್ತವೆ. ತಿಂದ ಊಟವೇ ಅದಕ್ಕೆ ಮುಳುವು, ನೋಡಿ! ಆದರೆ ಸೊಪ್ಪಿನ ರಸವನ್ನು ಹಾಗೆ ಕುದಿಸಿದರೆ ಹಿಡಿತ ಫ್ಲಾಸ್ಕಿನಲ್ಲೇ ಕೆಟ್ಟುಹೋಗುತ್ತದೆ. ಅವರ ಅಜ್ಜಿ ಹಸಿ ಸೊಪ್ಪನ್ನು ತಣ್ಣೀರಿನಲ್ಲಿ ನೆನೆಸಿ ಹಿಂಡುತ್ತಿದ್ದರಂತೆ. ನಮ್ಮಜ್ಜಿ ಸೋಲುವ ಲಕ್ಷಣ ಕಾಣುತ್ತಿತ್ತು.

ಮೂರನೆಯ ಸಲ ಫ್ಲಾಸ್ಕನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಪಂಪಿನಿಂದ ಒಳಗಿನ ಗಾಳಿ ಎಳೆದು, ಬಿಸಿ ಏರಿಸದೆ ಮೆಲ್ಲಗೆ ಆರಿಸಿದೆ. ಎರಡು ದಿನ ಬಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಬೀಗರೆಲ್ಲ ಮುದುಡಿ ಚುಕ್ಕೆಗಳಾಗಿದ್ದರು! "ಸತ್ತೋದ್ವು! ಎಲ್ಲಾ ಸತ್ತೋದ್ವು ಕಣ್ರೀ!" ಎಂದು ಅಚ್ಚಗನ್ನಡದಲ್ಲಿ ಕೂಗುತ್ತ ಕಾರಿಡಾರಿನಲ್ಲಿ ಓಡಿದೆ. ಮಿಸೆಸ್ ಲಿನ್‌ಗೆ ಪೂರ್ತಿ ಅರ್ಥವಾಯಿತು.

ಏನು ಬದಲಾಯಿಸಿದಿರಿ ಎಂದು ಬಾಸ್ ಕೇಳಿದರು. "ವಿ ವರ್ ಹೀಟಿಂಗ್ ಇಟ್ ಟೂ ಮಚ್," ಎಂದರು ಮಿಸೆಸ್ ಲಿನ್. 'ವಿ' ಅಂತೆ, ನಾವಂತೆ! ಕುದಿಸಿದವಳು ನಾನೊಬ್ಬಳೇ. ಆದರೂ ಸುಮ್ಮನಿದ್ದೆ.

ನೌಕರಿ ಉಳಿಯಿತು, ವೀಸಾ ಉಳಿಯಿತು, ಮಗಳು ಇಲ್ಲೇ ಹುಟ್ಟಿದಳು. ಮಿಸೆಸ್ ಲಿನ್ ನಿವೃತ್ತರಾಗಿ ಏಪೆಕ್ಸ್ ಎಂಬ ಊರಿಗೆ ಹೋದರು. ಹೊಸವರ್ಷಕ್ಕೆ ಅವರ ಕಾರ್ಡು ತಪ್ಪದೆ ಬರುತ್ತದೆ, ನನ್ನದೂ ಹೋಗುತ್ತದೆ. ಆ 'ವಿ'ಗೆ ಮಾತ್ರ ನಾನು ಥ್ಯಾಂಕ್ಸ್ ಹೇಳಿದ್ದಿಲ್ಲ. ಹೇಳಿದರೆ ತಪ್ಪೊಪ್ಪಿಕೊಂಡ ಹಾಗಲ್ಲವೇ ಎಂಬ ಭಂಡತನ.

ಮೇಳದಲ್ಲಿ ಎರಡು ಹಾರ ಕೊಂಡೆ. ಒಂದು ನಮ್ಮ ಬಾಗಿಲಿಗೆ. ಇನ್ನೊಂದನ್ನು ಏಪೆಕ್ಸ್‌ಗೆ ಕಳಿಸಲು ಈಗ ಪೆಟ್ಟಿಗೆಗೆ ತುಂಬುತ್ತಿದ್ದೇನೆ. ಒಲೆಯ ಮೇಲೆ ಟೀ ಮೂರನೆಯ ಉಕ್ಕಿನಲ್ಲಿದೆ. ಆ ಬುದ್ಧಿ ಹೋಗಿಲ್ಲ. ಒಳಗಿಟ್ಟ ಚೀಟಿಯಲ್ಲಿ ಬರೆದಿದ್ದೇನೆ: "ಅವತ್ತು 'ವಿ' ಅಂದಿರಿ. ತಪ್ಪು ನನ್ನೊಬ್ಬಳದೇ. ಥ್ಯಾಂಕ್ಸ್. ಈ ಸೊಪ್ಪನ್ನು ಕುದಿಸಿಲ್ಲ."