ಎರಡು ಸಲ ದಾನವಾದ ಗಾಡಿ

ಹೆಗಲಿಗೆ ಮಿರಿಮಿರಿ ಪಟ್ಟಿ ಹಾಕಿಕೊಂಡು, ಡಬ್ಬಿ ಗಲಗಲ ಅನ್ನಿಸುತ್ತ ಬರುವ ಹುಡುಗರನ್ನು ಕಂಡರೆ ಇಂದಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಎಪ್ಪತ್ತರ ದಶಕದಲ್ಲಿ ದುರ್ಗದ ಬೀದಿಗಳಲ್ಲಿ ಅಂಥವರು ಎತ್ತಿದ ಚಂದಾಕ್ಕೆ ನಾನೇ ಸರಕು.

ಚಿಕ್ಕಂದಿನಲ್ಲೇ ಪೋಲಿಯೊ ನನ್ನ ಎರಡೂ ಕಾಲು ತಿಂದಿತ್ತು. ಕೈ ಮಾತ್ರ ಚುರುಕು, ಹೊಲಿಗೆ ಕಲಿತಿದ್ದೆ. ಪೇಟೆಯ ಟೈಲರ್ ಸಾಹೇಬರು, "ಯುಗಾದಿಗೆ ಬಾರಪ್ಪ, ಕೈಮಿಷನ್ ಕೊಡ್ತೀನಿ. ಆದ್ರೆ ದಿನಾ ನಿಮ್ಮವ್ವ ಹೊತ್ಕಂಬರೋದು ಬ್ಯಾಡ, ಸೊಂಟ ಬಿದ್ದೋಗ್ತೈತೆ" ಎಂದಿದ್ದರು. ಕೈಯಲ್ಲಿ ತಿರುಗಿಸಿ ಓಡಿಸುವ ಮೂರು ಗಾಲಿಯ ಸೈಕಲ್ ಸಿಕ್ಕರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಇದು ಊರಿನ ಸೇವಾ ಕ್ಲಬ್ಬಿನ ಕಿವಿಗೆ ಬಿತ್ತು. ಅದರ ಯುವ ಶಾಖೆಯ ಹುಡುಗರು, ಎಲ್ಲ ಸಾಹುಕಾರರ ಮಕ್ಕಳು, ಚಂದಾ ಎತ್ತಿ ಸೈಕಲ್ ಕೊಡಿಸ್ತೀವಿ ಎಂದು ನನ್ನನ್ನು ತಳ್ಳುಗಾಡಿಯಲ್ಲಿ ಕೂರಿಸಿ ಅಂಗಡಿ ಅಂಗಡಿಗೆ ತಿರುಗಿಸಿದರು. "ಪಂಚೆ ಸ್ವಲ್ಪ ಎತ್ಕಳಲೇ, ಕಾಲು ಕಾಣ್ಲಿ" ಅನ್ನುತ್ತಿದ್ದ ಅವರ ಲೀಡರ್. ಥೂ! ದನದ ಸಂತೆಯಲ್ಲಿ ಹೋರಿಯ ಬಾಯಿ ಬಿಡಿಸಿ ಹಲ್ಲು ತೋರಿಸುವವನಿಗೂ ಅಷ್ಟು ಅವಸರ ಇರುವುದಿಲ್ಲ. ಮೂರು ಗಾಲಿಯ ಗಾಡಿಯ ಆಸೆಗೆ ಹಲ್ಲು ಕಚ್ಚಿಕೊಂಡು ಪಂಚೆ ಎತ್ತಿದೆ.

ಸೈಕಲ್ ಬಂತು. ಸಭೆ, ಹಾರ, ಭಾಷಣ, ಫೋಟೊ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಜನ ಚದುರಿದ ಮೇಲೆ ಲೀಡರ್ ಬಂದು, "ಇಳಿಯಪ್ಪ. ಹೊಳಲ್ಕೆರೆ, ಹೊಸದುರ್ಗದಾಗೂ ಡಬ್ಬಿ ಆಡ್ಸಿದೀವಿ, ಅಲ್ಲೂ ಜನಕ್ಕೆ ತೋರಿಸ್ಬೇಕಲ್ಲ? ಇರೋದು ಒಂದೇ ಗಾಡಿ. ಎಲ್ಲಾ ಮುಗಿದ ಮ್ಯಾಲೆ ನಿನಗೇ" ಎಂದ. ನಾಲ್ವರು ನನ್ನನ್ನು ಎತ್ತಿ ನೆಲಕ್ಕಿಟ್ಟರು. ಗಾಡಿ ಲಾರಿ ಹತ್ತಿತು.

ಯುಗಾದಿ ಹತ್ತಿರ ಬಂತು, ಗಾಡಿ ಬರಲಿಲ್ಲ. ಅವ್ವ ಕ್ಲಬ್ಬಿಗೆ ಅಲೆದು ಚಪ್ಪಲಿ ಸವೆಸಿದಳು. ಒಂದು ದಿನ ಅವರೇ ಕಾರು ತಂದರು. ಹಿರಿಯೂರಿನಲ್ಲಿ ಗಾಡಿ ಪಡೆಯಬೇಕಾದವನು ಜ್ವರ ಬಂದು ಮಲಗಿದ್ದಾನಂತೆ, ಅವನ ಬದಲು ನಾನು ಬಂದು ಕೂರಬೇಕಂತೆ! ಮಾನಗೆಟ್ಟವರು. ಆದರೂ ಕಾರು ಹತ್ತಿದೆ.

ದಾನ ಪಡೆದವನು ಮೈಕಿನಲ್ಲಿ ಎರಡು ಮಾತು ಉಪಕಾರ ಹೇಳುವುದು ಅವರ ಪದ್ಧತಿ. ಹಿರಿಯೂರಿನಲ್ಲಿ ಗಾಡಿ ಏರಿ ಕೂತು ಮೈಕು ಹಿಡಿದೆ. "ಅಣ್ಣಗಳಿರಾ, ಈ ಗಾಡೀನ ನನಗೆ ಮೊದ್ಲು ದುರ್ಗದಾಗೆ ಕೊಟ್ರು, ಕಿತ್ಕಂಡ್ರು. ಈಗ ನಿಮ್ಮೆದುರಿಗೆ ಮತ್ತೆ ಕೊಟ್ರು. ನೀವೆಲ್ಲ ಸಾಕ್ಷಿ. ನಾನಿನ್ನು ಇಳಿಯಲ್ಲ."

ಮುಂದಿನ ಸಾಲಿನಲ್ಲಿದ್ದ ಕ್ಲಬ್ಬಿನ ಹಿರಿಯರ ಮುಖ ಸುಟ್ಟ ಬದನೆಕಾಯಿಯಾಯಿತು. "ಇಳಿಸ್ರೋ ಅವನ್ನ" ಎಂದು ಲೀಡರ್ ಪಿಸುಗುಟ್ಟಿದ್ದೂ ಮೈಕಿನಲ್ಲೇ ಕೇಳಿಸಿತು. ಹಿಂದಿನಿಂದ ಕಂಬಳಿ ಹೊದ್ದ ಕುರಿಗಾಹಿ ಮುದುಕನೊಬ್ಬ ಎದ್ದು ನಿಂತ. "ಯಾವನ್ಲೇ ಅವನು? ಮುಟ್ಟು ನೋಡಾನ!" ಯಾರೂ ಮುಟ್ಟಲಿಲ್ಲ.

ಈರುಳ್ಳಿ ಲಾರಿಯವರು ನನ್ನನ್ನೂ ಗಾಡಿಯನ್ನೂ ದುರ್ಗಕ್ಕೆ ತಂದು ಬಿಟ್ಟರು. ಮಾರನೇ ಬೆಳಗ್ಗೆ ಒಬ್ಬನೇ ಅಂಗಡಿಗೆ ಹೋದೆ. ಸಾಹೇಬರು ಕೈಮಿಷನ್ ಯಾರಿಗೂ ಕೊಟ್ಟಿರಲಿಲ್ಲ.

ಯುಗಾದಿ ಕಳೆದ ಮೇಲೆ ಅದೇ ಲೀಡರ್ ಅಂಗಡಿಗೆ ಬಂದ. ಮುಂದಿನ ಚಂದಾಕ್ಕೆ ಹೆಗಲಿಗೆ ಹಾಕುವ ಹೊಸ ಪಟ್ಟಿ ಹೊಲಿಸಬೇಕಿತ್ತು. ನನ್ನ ಗುರುತೇ ಇಲ್ಲದವನ ಹಾಗೆ, "ಸಮಾಜಸೇವೆ ಕೆಲ್ಸ, ಪುಕ್ಕಟೆ ಹೊಲ್ಕೊಡಪ್ಪ" ಎಂದ.

ನಾನು ಪಂಚೆ ಎತ್ತಿ ಕಾಲು ತೋರಿಸಿದೆ.

"ಇದನ್ನ ನೋಡಿದೋರೆಲ್ಲ ಕಾಸು ಹಾಕಿದಾರೆ ಸ್ವಾಮಿ. ನೀವೂ ನೋಡಿದ್ರಲ್ಲ, ಮುಂಗಡ ಇಡ್ರಿ."