ಅಪ್ಪನ ದನಿಯ ತೂಕ

ಇದು ನಡೆದದ್ದು 2007ರಲ್ಲಿ ಎಂದು ನಾನು ಹೇಳುತ್ತೇನೆ, ತಮ್ಮ 2008 ಎನ್ನುತ್ತಾನೆ. ಅಪ್ಪನಿಗೆ ಸೊಲ್ಲಾಪುರದಲ್ಲಿ ಗಂಟಲಿನ ಆಪರೇಷನ್ ಆಗಿ ಎರಡು ವರ್ಷ ಕಳೆದಿತ್ತು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ.

ಅಪ್ಪ ವಾಡಿ ಜಂಕ್ಷನ್ನಿನಲ್ಲಿ ಬರುವ ಹೋಗುವ ರೈಲುಗಳ ಹೆಸರನ್ನು ಮೈಕಿನಲ್ಲಿ ಹೇಳುತ್ತಿದ್ದವರು. ಆಪರೇಷನ್ ಆದರೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಆ ವಾರವೇ ನಾನು ಮನೆಯ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ಅವರನ್ನು ಹನ್ನೊಂದು ಸಲ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದೆ. ಎಲ್ಲವೂ ‘ಅಪ್ಪ’ ಎಂಬ ಒಂದು ಫೋಲ್ಡರಿನಲ್ಲಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಆಮೇಲೆ ಅಪ್ಪ ಸ್ಲೇಟಿನ ಮೇಲೆ ಬರೆದೇ ಮಾತಾಡುತ್ತಿದ್ದರು.

ತಪ್ಪು ನನ್ನದೇ. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಚಿತ್ತಾಪುರದಲ್ಲಿ ಒಂದು ಕಡೆ ಪ್ರಶ್ನೆಪತ್ರಿಕೆ ಟೈಪ್ ಮಾಡಿಸಿ ಪೆನ್‌ಡ್ರೈವಿನಲ್ಲಿ ತಂದಿದ್ದೆ. ಅದರೊಳಗಿನ ಫೋಲ್ಡರ್ ತೆರೆಯಲಿಲ್ಲ. ತೆರೆಯದ್ದಕ್ಕೆ ಸಿಟ್ಟು ಬಂದು ಮೂರು ಸಲ ಒತ್ತಿದೆ. ಮರುದಿನದ ಹೊತ್ತಿಗೆ ನಮ್ಮ ಕಂಪ್ಯೂಟರಿನ ಯಾವ ಫೋಲ್ಡರೂ ತೆರೆಯುತ್ತಿರಲಿಲ್ಲ. ‘ಅಪ್ಪ’ ಕಣ್ಣೆದುರೇ ಇತ್ತು, ಹಳದಿ ಚಿತ್ರದ ಕೆಳಗೆ ಹೆಸರೂ ಇತ್ತು. ಒತ್ತಿದರೆ ಏನೂ ಆಗುತ್ತಿರಲಿಲ್ಲ.

ಶಹಾಬಾದಿನಿಂದ ರಿಪೇರಿಯ ಮೆಹಬೂಬ್ ಬಂದು ನೋಡಿದರು.

“ಟ್ರೋಜನ್ ಹೊಕ್ಕದ್ರಿ ಟೀಚರ್. ಒಳ್ಳೆಯವರ ವೇಷ ಹಾಕ್ಕೊಂಡು ಬರ್ತದ. ನಿಮ್ಮ ಫೋಲ್ಡರ್ ಎಲ್ಲಾ ತಿಂದದ. ಫಾರ್ಮ್ಯಾಟ್ ಹೊಡೀಬೇಕು.”

“ಹೊಡದ್ರ?”

“ಎಲ್ಲಾ ಸಾಫ್. ಹೊಸಾದರಂಗ ಆಗ್ತದ.”

ಅಪ್ಪ ಸ್ಲೇಟಿನಲ್ಲಿ ‘ಹೋದರ ಹೋಗ್ಲಿ’ ಎಂದು ಬರೆದು, ನನ್ನ ಮುಖ ನೋಡದೆ ಒಳಗೆ ಹೋದರು.

ಮೆಹಬೂಬ್ ಫಾರ್ಮ್ಯಾಟಿನ ಸಿ.ಡಿ. ಚೀಲದಿಂದ ಹೊರತೆಗೆಯುವಷ್ಟರಲ್ಲಿ ನೆರೆಮನೆಯ ಶಾರದಾಬಾಯಿ ಬಂದರು. ಗಂಡ ತೀರಿಕೊಂಡ ಮೇಲೆ ಸಿಕ್ಕ ನೌಕರಿಯಲ್ಲಿ, ಅದೇ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ತೂಕ ಬರೆದು ನಿವೃತ್ತರಾದವರು. ಅಪ್ಪನಿಗೆಂದು ಅಂಬಲಿ ತಂದಿದ್ದರು. ಮಾನಿಟರಿನ ಮೇಲೆ ಸಿಮೆಂಟು ಕಾರ್ಖಾನೆಯ ಬಿಳಿ ದೂಳು ಕೂತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ವಾಡಿಯಲ್ಲಿ ಅದು ಯಾವಾಗಲೂ ಕೂತಿರುತ್ತದೆ. ಅದು ನೆನಪಲ್ಲ, ಬರೀ ಗೊತ್ತಿರುವ ಸಂಗತಿ.

ಪರದೆಯ ಮೇಲೆ ಫೋಲ್ಡರುಗಳ ಪಟ್ಟಿ ಇತ್ತು. ಶಾರದಾಬಾಯಿ ಬಗ್ಗಿ ನೋಡಿದರು.

“ಹೆಸರಿನ ಬಾಜೂಕ ಈ ಅಂಕಿ ಏನು?”

“ಸೈಜ್ ರೀ ಬಾಯಿ. ತೂಕ ಅನ್ಕೋರಿ.”

“ಫೋಟೋ ಇನ್ನೂರಾ ಹನ್ನೆರಡು. ಶಾಲಿ ಇನ್ನೂರಾ ಹನ್ನೆರಡು. ಅಪ್ಪ ಇನ್ನೂರಾ ಹನ್ನೆರಡು.” ನನ್ನ ಡೈರಿ ಎಳೆದುಕೊಂಡು ಅದನ್ನು ಒಂದರ ಕೆಳಗೊಂದು ಬರೆದರು. “ಬ್ಯಾರೆ ಬ್ಯಾರೆಯವರ ಚೀಲ ಎಲ್ಲಾ ಒಂದೇ ತೂಕ ಬಂದ್ರ ನಾವು ಬಿಚ್ಚಸ್ತಿದ್ವಿ, ಮೆಹಬೂಬ್. ಹೆಸರು ಬ್ಯಾರೆ, ಒಳಗ ಮಾಲು ಒಂದೇ ಇರ್ತದ.”

ಮೆಹಬೂಬರ ಕೈ ಮೌಸಿನ ಮೇಲೆ ನಿಂತುಬಿಟ್ಟಿತು.

“ಮತ್ತ ಎಲ್ಲಾದರ ಮುಂದೂ ಅಪ್ಲಿಕೇಶನ್ ಅಂತ ಬರದದಲ್ಲ. ಯಾವುದಕ್ಕ ಅರ್ಜಿ ಹಾಕ್ಯಾವ?”

ಮೆಹಬೂಬ್ ನಗಲಿಲ್ಲ. “ಫೋಲ್ಡರಿಗೆ ಈ ಜಾಗದಾಗ ತೂಕನೇ ಬರಂಗಿಲ್ಲ ಬಾಯಿ, ಖಾಲಿ ಇರ್ಬೇಕು. ಇವು ಫೋಲ್ಡರೇ ಅಲ್ಲ. ಫೋಲ್ಡರಿನ ಚಿತ್ರ ಹಚ್ಕೊಂಡು ಕುಂತ ಪ್ರೋಗ್ರಾಮು. ದಿನಾ ನೋಡ್ತೀನಿ, ಇವತ್ತು ನೋಡ್ಲೇ ಇಲ್ಲ.”

“ಹಂಗಂದ್ರ ಖರೆ ಮಾಲು?”

“ತಿಂದದ ಅನಸ್ತದ.”

“ಅನಸೂದು ಬ್ಯಾಡ. ಗೋಡೌನಿನ ಒಟ್ಟು ತೂಕ ನೋಡು.”

ಕಾಣುವ ಫೈಲುಗಳನ್ನೆಲ್ಲ ಕೂಡಿದರೆ ಎರಡು ಎಂ.ಬಿ. ಆಗಲಿಲ್ಲ. ಆದರೆ ಆ ಡ್ರೈವಿನಲ್ಲಿ ಆರು ಜಿ.ಬಿ. ತುಂಬಿದೆ ಎಂದು ಕಂಪ್ಯೂಟರೇ ತೋರಿಸುತ್ತಿತ್ತು.

“ಮಾಲು ಹೊರಗ ಹೋಗಿಲ್ಲ,” ಎಂದರು ಶಾರದಾಬಾಯಿ. “ಇಲ್ಲೇ ಎಲ್ಲೋ ಮುಚ್ಚಿಟ್ಟದ.”

ಮೌಸನ್ನು ಒಮ್ಮೆಯೂ ಮುಟ್ಟದ ಹೆಂಗಸು ಕಾಣದ್ದನ್ನು ಇದೆ ಎಂದು ಹೇಳಿದ್ದಳು.

ಮೆಹಬೂಬ್ ಸಿ.ಡಿ.ಯನ್ನು ಮತ್ತೆ ಚೀಲಕ್ಕೆ ಹಾಕಿದರು. ಕಂಪ್ಯೂಟರ್ ಆರಿಸಿ, ತೀರಾ ಬೇಕಾದದ್ದಷ್ಟೇ ಚಾಲೂ ಆಗುವ ಸೇಫ್ ಮೋಡಿನಲ್ಲಿ ಮತ್ತೆ ಶುರು ಮಾಡಿದರು. ಕಪ್ಪು ಪರದೆ ಬಂತು. ವಿಂಡೋಸಿನ ಫೈಲುಗಳ ನಡುವೆ ಅದೇ 212ರ ತೂಕದ, ಅದೇ ವಾರ ಹುಟ್ಟಿದ ಒಂದು ಫೈಲನ್ನು ಹುಡುಕಿ ಅಳಿಸಿದರು. ಅದರ ನಕಲುಗಳನ್ನೂ ಅಳಿಸಿದರು. ಪರದೆಯ ಮೇಲಿದ್ದ ‘ಅಪ್ಪ’ವೂ ಹೋಯಿತು. ಕೊನೆಗೆ ಮುಚ್ಚಿಟ್ಟ ಫೈಲುಗಳನ್ನು ಬಯಲಿಗೆ ತರುವ, ಆಟ್ರಿಬ್ ಎಂದು ಶುರುವಾಗುವ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರು.

ವಿಂಡೋಸ್ ಮತ್ತೆ ತೆರೆದಾಗ ‘ಅಪ್ಪ’ ಅಲ್ಲಿತ್ತು. ಹೆಸರಿನ ಮುಂದೆ ತೂಕದ ಜಾಗ ಖಾಲಿ. ಒತ್ತಿದೆ. ಒಳಗೆ ಹನ್ನೊಂದು ಫೈಲು.

ಮೊದಲನೆಯದನ್ನು ಹಚ್ಚಿದೆ. “ಪ್ರಯಾಣಿಕರ ಗಮನಕ್ಕೆ. ಅಡಿಗೆಮನೆಯಿಂದ ಹೊರಡಬೇಕಾದ ಚಹಾ ಇಪ್ಪತ್ತು ನಿಮಿಷ ತಡವಾಗಿ ಬರಲಿದೆ. ಅಡಚಣೆಗಾಗಿ ನಮ್ಮ ಮಗಳು ವಿಷಾದಿಸುತ್ತಾಳೆ.”

ಅಪ್ಪ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಪೂರ್ತಿ ಕೇಳಿದರು. ಸ್ಲೇಟು ತೆಗೆದುಕೊಂಡು ಬರೆದು ನಮ್ಮತ್ತ ತಿರುಗಿಸಿದರು: ‘ಇಂವ ಭಾಳ ಮಾತಾಡ್ತಾನ.’

ಎಲ್ಲರೂ ನಕ್ಕೆವು, ಅಪ್ಪನೂ ದನಿಯಿಲ್ಲದೆ ನಕ್ಕರು. ನಗು ನಿಂತ ಮೇಲೆ ಶಾರದಾಬಾಯಿ ಕೇಳಿದರು, “ರಾಯರ ದನಿ ಎಷ್ಟು ತೂಕ ಅದ?”

“ಹನ್ನೊಂದೂ ಕೂಡಿ ಮೂವತ್ತೆಂಟು ಎಂ.ಬಿ.” ಮೆಹಬೂಬ್ ನೋಡಿ ಹೇಳಿದರು.

“ಪ್ಲಾಟ್‌ಫಾರ್ಮ್ ಎಲ್ಲಾ ತುಂಬ್ತಿತ್ತಲ್ಲೋ,” ಎಂದರು ಅವರು, ಮೆಲ್ಲಗೆ. “ಇಷ್ಟರಾಗ ಹ್ಯಾಂಗ ಕುಂತದ?”

ನಾನು ಎರಡನೆಯ ಫೈಲು ಹಚ್ಚಿದೆ.

ಮೊದಲು ಅನುಮಾನ ಪಟ್ಟದ್ದು ಮೆಹಬೂಬರೇ, ನಾನೇ ವರ್ಷ ಕಳೆದ ಹಾಗೆ ಎಲ್ಲವನ್ನೂ ಶಾರದಾಬಾಯಿಯ ಬಾಯಿಗೆ ಹಾಕಿದ್ದೇನೆ ಎಂದು ತಮ್ಮ ಹೇಳುತ್ತಾನೆ. ಅವನು ಅಂದು ಮನೆಯಲ್ಲಿರಲಿಲ್ಲ. ಆದರೂ ಇರಬಹುದು, ನನ್ನ ನೆನಪನ್ನು ನಾನು ಅಷ್ಟೊಂದು ನಂಬುವವಳಲ್ಲ. ಆದರೆ ಆ ವರ್ಷದ ಹಾಳೆ ಸಡಿಲಾದ ಡೈರಿ ನನ್ನ ಬಳಿ ಇದೆ. ಅದರಲ್ಲಿ ಒಂದರ ಕೆಳಗೊಂದು ಮೂರು ಸಲ 212 ಎಂದಿದೆ, ಅಕ್ಷರ ನನ್ನದಲ್ಲ.

ಕಂಪ್ಯೂಟರುಗಳು ಬದಲಾದವು. ಪ್ರತಿ ಸಲವೂ ಆ ಫೋಲ್ಡರನ್ನು ಹೊಸದಕ್ಕೆ ಸಾಗಿಸಿ, ತೆರೆಯುವ ಮೊದಲು ತೂಕ ನೋಡುತ್ತೇನೆ. ಮೂವತ್ತೆಂಟು. ಎಷ್ಟೋ ಸಲ ಅಷ್ಟು ನೋಡಿ, ತೆರೆಯದೆ, ಸುಮ್ಮನೆ ಕೂತಿರುತ್ತೇನೆ.